ಸಹಿ ಯಾರದ್ದು? ಮಂಗಳೂರಿನ ಒಂದು ವಿಶ್ವವಿದ್ಯಾಲಯ ಗ್ರಂಥಾಲಯಕ್ಕೆ ಎಐ ಬಂದಾಗ

"ಮೇಡಂ, ನೀವು ಕೇಳಿದ ಪುಸ್ತಕ ನಮ್ಮಲ್ಲಿ ಇಲ್ಲ. ಬೇರೆ ಎರಡು ಕಡೆ ಕೂಡ ಕೇಳಿ ನೋಡಿದೆ. ಅಂಥದ್ದೊಂದು ಪುಸ್ತಕ ಅಚ್ಚೇ ಆಗಲಿಲ್ಲ ಅಂತ ಕಾಣ್ತದೆ."

ಉಡುಪಿಯ ಒಂದು ಕಾಲೇಜು ಗ್ರಂಥಾಲಯದಿಂದ ಬಂದ ಫೋನ್ ಇದು. ಎತ್ತಿದವರು ಮಂಗಳೂರಿನ ಒಂದು ವಿಶ್ವವಿದ್ಯಾಲಯ ಗ್ರಂಥಾಲಯದ ರೆಫರೆನ್ಸ್ ಮೇಡಂ, ಅಂದರೆ ಓದುಗರು ಕೇಳಿದ್ದನ್ನು ಹುಡುಕಿ ಕೊಡುವವರು. ಎರಡು ದಿನದಿಂದ ಅವರು ಆ ಪುಸ್ತಕ ಹುಡುಕುತ್ತಿದ್ದರು. ಬೇಕಾದದ್ದು ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿಗೆ. ತುಳುನಾಡಿನ ಅಳಿಯಕಟ್ಟು (ಹೆಣ್ಣಿನ ಕಡೆಯಿಂದ ವಂಶ ನಡೆಯುವ ಪದ್ಧತಿ) ಮತ್ತು ಜಮೀನಿನ ಹಕ್ಕು ಅವಳ ವಿಷಯ. ಅವಳ ಕೈಯಲ್ಲಿದ್ದ ಪಟ್ಟಿಯಲ್ಲಿ ಹದಿನಾಲ್ಕು ಪುಸ್ತಕ, ಲೇಖನಗಳ ಹೆಸರಿತ್ತು. ಒಂಬತ್ತು ಸಿಕ್ಕಿದವು. ಐದು ಸಿಗಲೇ ಇಲ್ಲ. ಲೇಖಕರ ಹೆಸರು ನಂಬುವ ಹಾಗಿತ್ತು. ಪ್ರಕಾಶಕರು ನಿಜವಾಗಿ ಇರುವವರು. ಇಸವಿಯೂ ಹೊಂದುತ್ತಿತ್ತು. ಪುಸ್ತಕ ಮಾತ್ರ ಇರಲಿಲ್ಲ.

ಆ ಪಟ್ಟಿ ಅವಳು ಎಲ್ಲಿಂದಲೋ ತಂದದ್ದಲ್ಲ. ಗ್ರಂಥಾಲಯದ ವೆಬ್‌ಸೈಟಿನಲ್ಲಿ ಹೊಸದಾಗಿ ಹಾಕಿದ್ದ ಎಐ ಸಹಾಯಕ ಕೊಟ್ಟದ್ದು. ಪ್ರಿಂಟ್ ತೆಗೆದ ಹಾಳೆಯ ಮೇಲ್ಗಡೆ ಗ್ರಂಥಾಲಯದ ಲಾಂಛನವೇ ಇತ್ತು.

"ಲೈಬ್ರರಿಯೇ ಕೊಟ್ಟದ್ದಲ್ವಾ ಮೇಡಂ?" ಎಂದು ಹುಡುಗಿ ಕೇಳಿದಳು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಓದುಗರ ಪ್ರಶ್ನೆಗೆ ಉತ್ತರ ಇಲ್ಲದೆ ನಿಂತದ್ದು ಬಹಳ ಸಲ ಉಂಟು, ಆದರೆ ನಮ್ಮ ಮೇಲಿನ ಪ್ರಶ್ನೆಗೆ ಉತ್ತರ ಇಲ್ಲದೆ ನಿಂತದ್ದು ಅದೇ ಮೊದಲು ಎಂದು ಮೇಡಂ ಆಮೇಲೆ ನನಗೆ ಹೇಳಿದರು.

ಇದಾಗಿ ಎರಡು ತಿಂಗಳ ಮೇಲೆ ಅಲ್ಲಿಯ ಆಡಳಿತದವರು ನನ್ನನ್ನು ಕರೆದರು. ನಾನೂ ಗ್ರಂಥಾಲಯದ ಕೆಲಸದಲ್ಲೇ ತಲೆ ನರೆಸಿಕೊಂಡವನು. ಅವರ ಪ್ರಶ್ನೆ ಇಷ್ಟೇ: ದುಡ್ಡು ಕೊಟ್ಟು ಎಐ ತಂದಿದ್ದೇವೆ, ತರಬೇತಿ ಕೊಟ್ಟಿದ್ದೇವೆ, ಆದರೂ ಸಿಬ್ಬಂದಿ ಯಾಕೆ ಬಳಸುತ್ತಿಲ್ಲ? ಮಳೆಗಾಲ ಶುರುವಾದಾಗ ಹೋದವನು ದೀಪಾವಳಿಯ ತನಕ ವಾರಕ್ಕೆ ಎರಡು ದಿನ ಅಲ್ಲಿ ಕೂತೆ. ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಸಿಬ್ಬಂದಿ ನನ್ನನ್ನು ನಂಬಿ ಮಾತಾಡಿದ್ದಾರೆ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ.

ಬಂದದ್ದು ಏನು

ಅಲ್ಲಿ ಗ್ರಂಥಾಲಯದ ದಾಖಲೆ ನೋಡಿಕೊಳ್ಳುವ ಕೋಹಾ ಸಾಫ್ಟ್‌ವೇರ್ ಮೊದಲೇ ಇತ್ತು. ಅದರ ಜೊತೆಗೆ ಎಐ ಹೆಸರಿನಲ್ಲಿ ಮೂರು ಸೌಲಭ್ಯ ಬಂದಿದ್ದವು. ವೆಬ್‌ಸೈಟಿನಲ್ಲಿ ಪ್ರಶ್ನೆಗೆ ಉತ್ತರ ಕೊಡುವ ಸಹಾಯಕ ಒಂದು. ಹೊಸ ಪುಸ್ತಕಕ್ಕೆ ವಿಷಯ ಶೀರ್ಷಿಕೆ (ಅದು ಯಾವುದರ ಬಗ್ಗೆ ಎಂಬ ಹೆಸರು) ಮತ್ತು ವರ್ಗ ಸಂಖ್ಯೆ (ಕಪಾಟಿನಲ್ಲಿ ಅದರ ಜಾಗ ಹೇಳುವ ಅಂಕಿ) ಸೂಚಿಸುವುದು ಇನ್ನೊಂದು. ಚಂದಾ ಕಟ್ಟುವ ಡೇಟಾಬೇಸಿನ ಒಳಗೆ ಲೇಖನಗಳ ಸಾರಾಂಶ ಮಾಡಿಕೊಡುವುದು ಮೂರನೆಯದು. ಈ ಮೂರನೆಯದರ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ಬಳಸುವವರು ಬಳಸುತ್ತಿದ್ದರು, ಬಿಡುವವರು ಬಿಡುತ್ತಿದ್ದರು.

ಮೊದಲ ವಾರ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಫಾರ್ಮ್ ಹಂಚಿದೆ. ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುತ್ತಾರೆ, ಯಾಕೆ ಬಿಡುತ್ತಾರೆ ಎಂದು ತಿಳಿಯಲು ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ಮಾದರಿಯೊಂದಿದೆ. ಗ್ರಂಥಾಲಯ ವಿಜ್ಞಾನದ ಪ್ರಬಂಧಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಅದು ಮುಖ್ಯವಾಗಿ ನಾಲ್ಕು ವಿಷಯ ನೋಡುತ್ತದೆ: ಇದರಿಂದ ಉಪಯೋಗ ಇದೆಯಾ, ಕಲಿಯುವುದು ಸುಲಭವಾ, ಸುತ್ತಲಿನವರು ಏನು ಹೇಳುತ್ತಾರೆ, ಬೇಕಾದ ಸೌಕರ್ಯ ಇದೆಯಾ.

ಫಾರ್ಮ್ ನೋಡಿ ನನಗೆ ಆಶ್ಚರ್ಯವಾಯಿತು. ಹೆಚ್ಚು ಕಡಿಮೆ ಎಲ್ಲರೂ ಉಪಯೋಗ ಇದೆ ಎಂದೇ ಗುರುತು ಹಾಕಿದ್ದರು. ಕಷ್ಟ ಎಂದು ಯಾರೂ ಹೇಳಿರಲಿಲ್ಲ. ಕಾಗದದ ಮೇಲೆ ನೋಡಿದರೆ ಅದು ಎಐಯನ್ನು ಪ್ರೀತಿಯಿಂದ ಬರಮಾಡಿಕೊಂಡ ಗ್ರಂಥಾಲಯ. ಆದರೆ ಕೆಲಸದ ಮೇಜಿನಲ್ಲಿ ಮೊದಲ ಎರಡನ್ನು ಮುಟ್ಟುವವರೇ ಇರಲಿಲ್ಲ.

ಫಾರ್ಮ್ ಬದಿಗಿಟ್ಟೆ. ಅವರ ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ.

ಕ್ಯಾಟಲಾಗ್ ಅಕ್ಕನ ಲೆಕ್ಕ

ಕ್ಯಾಟಲಾಗ್ ವಿಭಾಗ ನೋಡುವವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ನಿವೃತ್ತಿಗೆ ಎರಡು ವರ್ಷ ಬಾಕಿ. "ಅವರು ಹಳೇ ಕಾಲದವರು, ಅವರಿಗೆ ಇದೆಲ್ಲ ಆಗುವುದಿಲ್ಲ" ಎಂದು ಆಡಳಿತದ ಒಬ್ಬರು ನನಗೆ ಮೊದಲೇ ಹೇಳಿದ್ದರು. ಅದು ಪೂರ್ತಿ ತಪ್ಪು. ಅಕ್ಕ ಕಾರ್ಡ್ ಕ್ಯಾಟಲಾಗಿನಲ್ಲಿ ಕೆಲಸ ಶುರು ಮಾಡಿದವರು. ಆಮೇಲೆ ಗ್ರಂಥಾಲಯದ ದಾಖಲೆ ಇಡುವ ಸಾಫ್ಟ್‌ವೇರುಗಳು ಒಂದೊಂದಾಗಿ ಬಂದವು. ಯುನೆಸ್ಕೋದ ಸಿಡಿಎಸ್ ಐಸಿಸ್ ಬಂತು, ಅದನ್ನು ಕಲಿತರು. ಇನ್‌ಫ್ಲಿಬ್‌ನೆಟ್‌ನ ಸೋಲ್ ಬಂತು, ಅದನ್ನೂ ಕಲಿತರು. ಈಗ ಕೋಹಾ. ಮೂರು ಸಲ ಇಡೀ ಗ್ರಂಥಾಲಯದ ದಾಖಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ ಕೈ ಅದು. ಆ ಕಟ್ಟಡದಲ್ಲಿ ಅವರಷ್ಟು ಬದಲಾವಣೆ ಕಂಡವರು ಬೇರೆ ಯಾರೂ ಇಲ್ಲ.

"ಪ್ರತಿ ಸಲವೂ ಕೆಲಸ ಕಡಿಮೆ ಆಗ್ತದೆ ಅಂತ ಹೇಳಿದ್ರು. ಪ್ರತಿ ಸಲವೂ ಎರಡು ವರ್ಷ ಡಬಲ್ ಕೆಲಸ. ಆ ಎರಡು ವರ್ಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಸರ್" ಎಂದರು ಅಕ್ಕ.

ಉದಾಹರಣೆಗೆ ಅವರು ತೋರಿಸಿದ್ದು ಹಳೇ ಕನ್ನಡ ದಾಖಲೆಗಳು. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುವ ಯೂನಿಕೋಡ್ ಅಕ್ಷರ ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಈಗ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕೆಲವು ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ. ಕಾರಂತರ ಹೆಸರನ್ನೇ ಮೂರು ಸ್ಪೆಲ್ಲಿಂಗಿನಲ್ಲಿ ಬರೆದಿದ್ದಾರೆ. ಒಂದರಲ್ಲಿ ಹುಡುಕಿದರೆ ಉಳಿದ ಎರಡರ ಪುಸ್ತಕ ಸಿಗುವುದಿಲ್ಲ. ಕಪಾಟಿನಲ್ಲಿ ಪುಸ್ತಕ ಇದ್ದೂ ಓದುಗರ ಪಾಲಿಗೆ ಇಲ್ಲ. ಅಕ್ಕನಿಗೆ ನಿಜವಾಗಿ ಬೇಕಿದ್ದ ಸಹಾಯ ಇದು. ಇದರಲ್ಲಿ ಅರ್ಧ ಕೆಲಸಕ್ಕೆ ಎಐ ಬೇಕಾಗಿಯೇ ಇಲ್ಲ, ಒಂದು ಸಾದಾ ಫಾಂಟ್ ಪರಿವರ್ತಕ ಸಾಕು. ಉಳಿದ ಅರ್ಧ, ಅಂದರೆ ಒಂದೇ ಹೆಸರಿನ ಬೇರೆ ಬೇರೆ ಸ್ಪೆಲ್ಲಿಂಗನ್ನು ಗುರುತಿಸುವುದು, ಎಐ ಚೆನ್ನಾಗಿ ಮಾಡುತ್ತದೆ. ಆದರೆ ಖರೀದಿ ಮಾಡುವಾಗ ನಿಮಗೆ ಏನು ಬೇಕು ಎಂದು ಅಕ್ಕನನ್ನು ಯಾರೂ ಕೇಳಲಿಲ್ಲ. ನನಗೆ ನಿಜಕ್ಕೂ ಬೇಸರವಾದದ್ದು ಇಲ್ಲೇ.

ಆಮೇಲೆ ಅವರು ಎಐ ಸೂಚಿಸಿದ ವಿಷಯ ಶೀರ್ಷಿಕೆಗಳ ಹಾಳೆ ತೆಗೆದರು. ಇಂಗ್ಲಿಷ್ ಪಠ್ಯಪುಸ್ತಕಗಳಿಗೆ ಅದು ಕೊಟ್ಟದ್ದು ಬಹುತೇಕ ಸರಿ ಇತ್ತು. ಅಕ್ಕ ಅದನ್ನು ಮನಸ್ಸು ಬಿಚ್ಚಿ ಒಪ್ಪಿದರು. ಊರಿನ ಪುಸ್ತಕಗಳಿಗೆ ಬಂದಾಗ ಕತೆ ಬೇರೆ.

ತುಳುನಾಡಿನ ಭೂತಾರಾಧನೆಯ ಒಂದು ಪುಸ್ತಕಕ್ಕೆ ಅದು ಡ್ಯೂಯಿ ವರ್ಗೀಕರಣದ 133.1 ಸೂಚಿಸಿತ್ತು. ಅದು ದೆವ್ವ, ಪಿಶಾಚಿಗಳ ಜಾಗ. ನಮ್ಮ ಭೂತ ಎಂದರೆ ದೈವ. ಕೋಲ, ನೇಮ ಎಂಬ ಆಚರಣೆಗಳು, ಪಾಡ್ದನ ಎಂಬ ಹಾಡುಗತೆ, ನ್ಯಾಯ ತೀರ್ಮಾನ ಎಲ್ಲ ಸೇರಿದ ಒಂದು ಬದುಕು. ಅದನ್ನು ಧರ್ಮದ 294.5ರಲ್ಲಿ ಇಡಬೇಕೋ, ಜಾನಪದದ 398ರಲ್ಲಿ ಇಡಬೇಕೋ ಎಂದು ಚರ್ಚೆ ಮಾಡಬಹುದು. ದೆವ್ವದ ಪಕ್ಕದಲ್ಲಿ ಇಡುವುದು ಮಾತ್ರ ಸಾಧ್ಯವೇ ಇಲ್ಲ. ಈ ತಪ್ಪು ಯಂತ್ರ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಬ್ರಿಟಿಷ್ ಅಧಿಕಾರಿ ಎ. ಸಿ. ಬರ್ನೆಲ್ ಸಂಗ್ರಹಿಸಿದ ತುಳು ಪಾಡ್ದನಗಳು 1894ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚಾದಾಗ ತಲೆಬರಹದಲ್ಲೇ 'ಡೆವಿಲ್ ವರ್ಶಿಪ್' ಎಂದಿತ್ತು. ಇಂಗ್ಲಿಷಿನಲ್ಲಿ ನಮ್ಮ ಬಗ್ಗೆ ಏನು ಬರೆದಿಟ್ಟಿದ್ದಾರೋ ಅದನ್ನೇ ಓದಿ ಈ ಯಂತ್ರಗಳು ಕಲಿತಿವೆ. ಅದೇ ಮಾತು ಈಗ ನಮ್ಮ ಕ್ಯಾಟಲಾಗಿಗೆ ವಾಪಸು ಬರುತ್ತಿದೆ.

ಇನ್ನೊಂದು ಪುಸ್ತಕ ಅಳಿಯಸಂತಾನದ್ದು, ಅಂದರೆ ಅಳಿಯಕಟ್ಟಿನದ್ದು. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ಬಗ್ಗೆ. ಎಐ ಅದನ್ನು ಮಗಳ ಗಂಡನಿಗೆ ಆಸ್ತಿ ಹೋಗುವ ಪದ್ಧತಿ ಎಂದು ವಿವರಿಸಿತ್ತು. ಇಲ್ಲಿ ಅಳಿಯ ಎಂದರೆ ಅಕ್ಕ ತಂಗಿಯರ ಮಗ. ವಂಶ ನಡೆಯುವುದು ಹೆಣ್ಣಿನ ಕಡೆಯಿಂದ. ಒಂದು ಪದ ತಪ್ಪಿದರೆ ಇಡೀ ಪುಸ್ತಕವೇ ತಲೆಕೆಳಗಾಗುತ್ತದೆ.

"ಇದನ್ನೆಲ್ಲ ನಾನು ತಿದ್ದಬಹುದು" ಎಂದರು ಅಕ್ಕ. "ತಿದ್ದಲಿಕ್ಕೆ ಪುಸ್ತಕ ತೆರೆದು ನೋಡಬೇಕು. ನೋಡಿದ ಮೇಲೆ ನಾನೇ ಬರೆದರೆ ಆಯ್ತಲ್ಲ? ನೋಡದೆ ಓಕೆ ಒತ್ತಿದರೆ ನನ್ನ ಹೆಸರು ಹೋಗ್ತದೆ. ಬಂದ ಪುಸ್ತಕ ಬರೆದಿಡುವ ಅಕ್ಸೆಷನ್ ರಿಜಿಸ್ಟರಿನ ಪ್ರತಿ ಪುಟಕ್ಕೂ ನಾವು ಸಹಿ ಹಾಕ್ತೇವೆ. ಸ್ಟಾಕ್ ವೆರಿಫಿಕೇಶನ್‌ನಲ್ಲಿ ಪುಸ್ತಕ ಕಡಿಮೆ ಬಂದರೆ ನಮ್ಮನ್ನು ಕೇಳ್ತಾರೆ. ಇದಕ್ಕೆ ಯಾರು ಸಹಿ ಹಾಕುವುದು?"

ಆ ಮಾತು ಕೇಳಿದ ಮೇಲೆ ನನ್ನ ಅಧ್ಯಯನದ ದಾರಿಯೇ ಬದಲಾಯಿತು.

ಇಲ್ಲ ಎನ್ನಲು ಬಾರದ ಸಹಾಯಕ

ರೆಫರೆನ್ಸ್ ಮೇಡಂ ಕೂಡ ಬೇರೆ ಮಾತಿನಲ್ಲಿ ಇದನ್ನೇ ಹೇಳಿದರು. "ಕ್ಯಾಟಲಾಗಿನ ದೊಡ್ಡ ಗುಣ ಎಂತ ಗೊತ್ತುಂಟಾ ಸರ್? ಇಲ್ಲದಿದ್ದರೆ ಇಲ್ಲ ಅಂತ ಹೇಳ್ತದೆ."

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಂದ ಮೇಲೆ ನಾವೆಲ್ಲ ಬಳಸುತ್ತಿರುವ ಈ ಬಗೆಯ ಯಂತ್ರ ಪುಸ್ತಕದ ಪಟ್ಟಿ ನೋಡಿ ಉತ್ತರ ಕೊಡುವುದಿಲ್ಲ. ಒಂದು ಪದದ ಮುಂದೆ ಯಾವ ಪದ ಬರಬಹುದು ಎಂದು ಅಂದಾಜು ಮಾಡುತ್ತಾ ಹೋಗುತ್ತದೆ. ಪುಸ್ತಕದ ಉಲ್ಲೇಖಕ್ಕೆ ಒಂದು ಖಚಿತ ಅಚ್ಚು ಇದೆ: ಲೇಖಕ, ಶೀರ್ಷಿಕೆ, ಊರು, ಪ್ರಕಾಶಕ, ಇಸವಿ. ಆ ಅಚ್ಚನ್ನು ತುಂಬುವುದು ಅದಕ್ಕೆ ಬಹಳ ಸುಲಭ. ತುಂಬಿದ್ದು ನಿಜವೋ ಅಲ್ಲವೋ ಎನ್ನುವುದು ಬೇರೆ ಪ್ರಶ್ನೆ. ಕ್ಯಾಟಲಾಗಿಗೆ ಜೋಡಿಸಿ, ಅದರಲ್ಲಿ ಸಿಕ್ಕಿದ್ದನ್ನು ಮಾತ್ರ ಹೇಳು ಎಂದು ಕಟ್ಟಿಹಾಕಿದರೆ ತಪ್ಪು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಈ ಗ್ರಂಥಾಲಯದಲ್ಲಿ ಹಾಗೆ ಜೋಡಿಸಿಯೂ ಇರಲಿಲ್ಲ.

ಇಲ್ಲಿ ಇನ್ನೊಂದು ತೊಡಕು ಇದೆ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಬಂದ ಮೇಲೆ ಪ್ರಬಂಧದಲ್ಲಿ ನಕಲು ಎಷ್ಟಿದೆ ಎಂದು ಸಾಫ್ಟ್‌ವೇರಿನಲ್ಲಿ ಪರೀಕ್ಷೆ ಮಾಡಬೇಕು. ಶೇಕಡಾ 10ರ ತನಕ ಹೋಲಿಕೆಗೆ ದಂಡವಿಲ್ಲ. ಆ ಗ್ರಂಥಾಲಯದಲ್ಲಿ ಈ ವರದಿಗೆ ಸಹಿ ಹಾಕುವವರು ರೆಫರೆನ್ಸ್ ಮೇಡಂ. ಈಗ ಯೋಚಿಸಿ. ಇಲ್ಲದ ಪುಸ್ತಕದ ಹೆಸರು ಯಾವ ಪುಸ್ತಕಕ್ಕೂ ಹೋಲುವುದಿಲ್ಲ. ಹೋಲಿಕೆ ಹುಡುಕುವ ಸಾಫ್ಟ್‌ವೇರಿಗೆ ಅದು ಸ್ವಂತ ಬರವಣಿಗೆ. ಅಂದರೆ ಸುಳ್ಳು ಉಲ್ಲೇಖ ಇರುವ ಪ್ರಬಂಧ ಸಲೀಸಾಗಿ ಪಾಸಾಗುತ್ತದೆ, ಅದರ ಮೇಲೆ ಮೇಡಂ ಸಹಿಯೂ ಇರುತ್ತದೆ. ಆಮೇಲೆ ಅದು ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಹೋಗುತ್ತದೆ. ಮುಂದೆ ಯಾರೋ ಅದನ್ನು ನೋಡಿ ಆ ಇಲ್ಲದ ಪುಸ್ತಕವನ್ನು ಮತ್ತೆ ಉಲ್ಲೇಖಿಸುತ್ತಾರೆ. ಈ ಸರಪಳಿ ಮೇಡಂಗೆ ಕಾಣುತ್ತಿತ್ತು. ಖರೀದಿಯ ಕಡತದಲ್ಲಿ ಅದು ಎಲ್ಲೂ ಕಾಣುವುದಿಲ್ಲ.

ತರಬೇತಿ ಕೊಡಲು ಬಂದವರು, ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟ ರಂಗನಾಥನ್ ಅವರ ನಾಲ್ಕನೇ ಸೂತ್ರವನ್ನು ಪರದೆಯ ಮೇಲೆ ಹಾಕಿದ್ದರಂತೆ: ಓದುಗರ ಸಮಯ ಉಳಿಸಿ. ಎಸ್. ಆರ್. ರಂಗನಾಥನ್ ಮಂಗಳೂರಿಗೆ ಹೊರಗಿನವರಲ್ಲ. 1917ರಲ್ಲಿ ಅವರು ಇಲ್ಲಿಯ ಸರಕಾರಿ ಕಾಲೇಜಿಗೆ ಗಣಿತ ಪಾಠ ಮಾಡಲು ಬಂದವರು. ಈಗ ಅದು ಹಂಪನಕಟ್ಟೆಯ ಯೂನಿವರ್ಸಿಟಿ ಕಾಲೇಜು. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದದ್ದು 1924ರಲ್ಲಿ, ಐದು ಸೂತ್ರಗಳ ಪುಸ್ತಕ ಬಂದದ್ದು 1931ರಲ್ಲಿ. ಮೇಡಂ ನನಗೆ ಹೇಳಿದರು: "ನಾಲ್ಕನೇದು ಮಾತ್ರ ಹೇಳಿದ್ರೆ ಹೇಗೆ? ಎರಡನೇದು ಪ್ರತಿ ಓದುಗರಿಗೆ ಅವರ ಪುಸ್ತಕ. ಪುಸ್ತಕವೇ ಇಲ್ಲದ ಮೇಲೆ ಯಾವ ಸಮಯ ಉಳಿಯಿತು? ಅವಳದ್ದು, ನನ್ನದು, ಉಡುಪಿಯವರದ್ದು, ಮೂರು ಜನರ ಸಮಯ ಹೋಯ್ತು."

ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ಹಾಸ್ಟೆಲಿನ ಮಕ್ಕಳು ಮನೆಯಲ್ಲಿ ಕೇಳಲಾಗದ ವಿಷಯದ ಪುಸ್ತಕವನ್ನು ಅವರ ಹತ್ತಿರ ಮೆಲ್ಲಗೆ ಕೇಳುತ್ತಾರೆ. ಅದು ಅವರ ಹತ್ತಿರವೇ ಉಳಿಯುತ್ತದೆ. ಅದೇ ಪ್ರಶ್ನೆಯನ್ನು ಸಹಾಯಕನಿಗೆ ಟೈಪ್ ಮಾಡಿದರೆ ಅದು ಯಾವ ಸರ್ವರಿನಲ್ಲಿ, ಎಷ್ಟು ದಿನ ಇರುತ್ತದೆ? ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲೇ ಕಾಯ್ದೆ ಬಂದಿದೆ. ಆದರೆ ಒಪ್ಪಂದ ಪತ್ರ ತೆಗೆದು ನೋಡಿದಾಗ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕೌಂಟರಿನ ಹುಡುಗ

ಎಲ್ಲರಿಗಿಂತ ಜಾಸ್ತಿ ಎಐ ಬಳಸುವವನು ಸಭೆಯಲ್ಲಿ ಬೇಡ ಎಂದವನು. ಇದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು.

ಅವನು ಸರ್ಕ್ಯುಲೇಶನ್ ಕೌಂಟರಿನಲ್ಲಿ ಕೂರುತ್ತಾನೆ. ಲೈಬ್ರರಿ ಸೈನ್ಸ್‌ನಲ್ಲಿ ಎಂ.ಎ. ಮಾಡಿದ್ದಾನೆ. ಹನ್ನೊಂದು ತಿಂಗಳ ಗುತ್ತಿಗೆ, ಪ್ರತಿ ವರ್ಷ ಮೇ ತಿಂಗಳಲ್ಲಿ ಹೊಸದಾಗಬೇಕು. ಇಂಗ್ಲಿಷ್ ಮೇಲ್ ಬರೆಯುವುದು, ಹೊಸ ಪುಸ್ತಕಗಳ ಪರಿಚಯ ತಯಾರಿಸುವುದು, ಎಕ್ಸೆಲ್ ಹಾಳೆ ಸರಿಮಾಡುವುದು, ಎಲ್ಲಕ್ಕೂ ಅವನು ತನ್ನ ಮೊಬೈಲಿನಲ್ಲಿ ಎಐ ಬಳಸುತ್ತಿದ್ದ. ಅದೂ ಚೆನ್ನಾಗಿ ಬಳಸುತ್ತಿದ್ದ. ಆದರೆ ಯಾರಿಗೂ ಹೇಳುತ್ತಿರಲಿಲ್ಲ. ಫಾರ್ಮಿನಲ್ಲಿ 'ಬಳಸಿಲ್ಲ' ಎಂದು ಬರೆದಿದ್ದ.

ಯಾಕೆ ಎಂದು ಕೇಳಿದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತಿದ್ದೆವು, ಹೊರಗೆ ಜೋರು ಮಳೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಪುಸ್ತಕ ತಾವೇ ಇಶ್ಯೂ ಮಾಡಿಕೊಳ್ಳುವ ಆರ್‌ಎಫ್‌ಐಡಿ ಮೆಷಿನ್ ಬಂದ ವರ್ಷ ಕೌಂಟರಿನಲ್ಲಿ ನಾವು ಮೂರು ಜನ ಇದ್ದೆವು ಸರ್. ಈಗ ಇಬ್ಬರು. ಇದನ್ನು ಎಐ ಮಾಡಿತು ಅಂತ ನಾನೇ ಹೇಳಿದರೆ, ಹಾಗಾದರೆ ನೀನು ಯಾಕೆ ಅಂತ ಕೇಳುವುದಿಲ್ಲವಾ?"

ವಯಸ್ಸಾದವರು ಹೆದರುತ್ತಾರೆ, ಯುವಕರು ಬೇಗ ಒಪ್ಪುತ್ತಾರೆ ಎಂಬ ಮಾತನ್ನು ಎಷ್ಟೋ ಕಡೆ ಕೇಳಿದ್ದೇನೆ. ಇಲ್ಲಿ ಹೆದರಿದ್ದವನು ಅತಿ ಕಿರಿಯ. ಅವನ ಹೆದರಿಕೆಗೂ ಯಂತ್ರಕ್ಕೂ ಸಂಬಂಧವಿಲ್ಲ. ಅದು ಮೇ ತಿಂಗಳ ಹೆದರಿಕೆ. ಅಕ್ಕನಿಗೆ ಆ ಹೆದರಿಕೆ ಇಲ್ಲ, ಕಾಯಂ ನೌಕರಿ ಇದೆ, ಅದಕ್ಕೇ ಮನಸ್ಸಿನಲ್ಲಿದ್ದದ್ದನ್ನು ನೇರ ಹೇಳಿದರು. ಫಾರ್ಮಿನಲ್ಲಿ ಮನೋಭಾವ ಎಂದು ಗುರುತು ಹಾಕಿಸಿಕೊಂಡದ್ದರ ಅಡಿಯಲ್ಲಿ ಕೆಲಸದ ಭದ್ರತೆ ಕೂತಿತ್ತು. ಅದನ್ನು ಕೇಳುವ ಒಂದು ಪ್ರಶ್ನೆಯೂ ನನ್ನ ಫಾರ್ಮಿನಲ್ಲಿ ಇರಲಿಲ್ಲ.

ಶನಿವಾರದ ಸಭೆ

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಮುಖ್ಯ ಗ್ರಂಥಪಾಲಕರು ಎಲ್ಲರನ್ನೂ ಕರೆದು ಕೂರಿಸಿದರು. ಅವರು ಮಾಡಿದ ಒಳ್ಳೆಯ ಕೆಲಸ ಎಂದರೆ ಕಂಪನಿಯವರನ್ನು ಕರೆಯಲಿಲ್ಲ, ಪ್ರೊಜೆಕ್ಟರ್ ಹಾಕಲಿಲ್ಲ. "ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ, ನೀವೇ ಹೇಳಿ. ನಾನು ಬರೆದುಕೊಳ್ತೇನೆ" ಎಂದರು.

ಮೂರು ಗಂಟೆ ಮಾತಾಯಿತು. ಮೊದಲ ಒಂದು ಗಂಟೆ ಬರೀ ಸಿಟ್ಟು. ಅದು ಹೊರಗೆ ಬರಬೇಕಿತ್ತು. ಆಮೇಲೆ ಒಂದೊಂದೇ ತೀರ್ಮಾನವಾಯಿತು.

ವೆಬ್‌ಸೈಟಿನ ಸಹಾಯಕ ಇನ್ನು ಪುಸ್ತಕದ ಪಟ್ಟಿ ಕೊಡುವುದಿಲ್ಲ. ಸಮಯ, ನಿಯಮ, ಯಾವ ಮಹಡಿಯಲ್ಲಿ ಯಾವ ವಿಭಾಗ, ಇಷ್ಟಕ್ಕೆ ಮಾತ್ರ. ಪಟ್ಟಿ ಕೇಳಿದವರನ್ನು ರೆಫರೆನ್ಸ್ ಮೇಜಿಗೆ ಕಳಿಸುತ್ತದೆ. ಅಲ್ಲಿ ಎಐ ಬಳಸಿ ಪಟ್ಟಿ ಮಾಡಬಹುದು. ಆದರೆ ಪ್ರತಿ ಹೆಸರನ್ನೂ ಯಾವುದಾದರೂ ಕ್ಯಾಟಲಾಗಿನಲ್ಲೋ, ಡಿಒಐ (ಲೇಖನದ ಕಾಯಂ ಗುರುತು ಸಂಖ್ಯೆ) ಹಾಕಿಯೋ ಕಣ್ಣಾರೆ ನೋಡದೆ ಓದುಗರ ಕೈಗೆ ಕೊಡುವಂತಿಲ್ಲ. ನೋಡಿದವರ ಇನಿಶಿಯಲ್ ಹಾಳೆಯ ಮೇಲೆ ಇರಬೇಕು. ಪ್ರಬಂಧ ಪರೀಕ್ಷೆಯ ವರದಿಯ ಜೊತೆಗೆ ಆರಿಸಿದ ಹತ್ತು ಉಲ್ಲೇಖಗಳನ್ನು ಕೈಯಾರೆ ಹುಡುಕಿ ನೋಡುವುದು ಎಂದು ಮೇಡಂ ತಾವಾಗಿ ಸೇರಿಸಿದರು.

ಕ್ಯಾಟಲಾಗಿಗೆ ಬಂದಾಗ ಮಾತಾಡಿದವನು ಕೌಂಟರಿನ ಹುಡುಗ. ಸಭೆಗಳಲ್ಲಿ ಅವನು ಎಐ ಪರವಾಗಿ ಬಾಯಿ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಕ್ಯಾಟಲಾಗಿನ ದಾಖಲೆ ಬರೆಯುವ ಮಾರ್ಕ್ 21 ಎಂಬ ಮಾದರಿಯಲ್ಲಿ 883 ಎಂಬ ಫೀಲ್ಡ್ (ಅಂಕಣ) ಇದೆ, ದಾಖಲೆಯ ಯಾವ ಭಾಗ ಯಂತ್ರದಿಂದ ಬಂತು, ಯಾವಾಗ ಬಂತು ಎಂದು ಬರೆಯಲು ಇರುವುದೇ ಅದು ಎಂದ. "ಅದನ್ನು ತುಂಬಿದರೆ ಮುಂದೆ ಯಾರಿಗೂ ಸಂಶಯ ಬರುವುದಿಲ್ಲ ಅಕ್ಕ. ಯಂತ್ರದ್ದು ಯಾವುದು, ನಿಮ್ಮದು ಯಾವುದು ಅಂತ ಗೊತ್ತಾಗ್ತದೆ."

ಅಕ್ಕ ಅವನ ಮುಖ ನೋಡಿದರು. "ನಿನಗೆ ಇದು ಗೊತ್ತಿದ್ದದ್ದು ಯಾಕೆ ಹೇಳಲಿಲ್ಲ ಮಾರಾಯ ಇಷ್ಟು ದಿನ?"

ಹೀಗೆ ಇಂಗ್ಲಿಷ್ ಪಠ್ಯಪುಸ್ತಕಗಳಿಗೆ ಎಐ ಸೂಚನೆ ತೆಗೆದುಕೊಂಡು, 883 ತುಂಬಿ, ನೋಡಿದವರ ಇನಿಶಿಯಲ್ ಹಾಕುವುದೆಂದಾಯಿತು. ಕನ್ನಡ, ತುಳು, ಕೊಂಕಣಿ, ಬ್ಯಾರಿ ವಿಷಯದ ಪುಸ್ತಕಗಳಿಗೆ ಸದ್ಯಕ್ಕೆ ಬೇಡ. ಅಕ್ಕ ಊರಿನ ಪದಗಳ ಒಂದು ಪಟ್ಟಿ ಮಾಡುವುದು, ಆ ಪಟ್ಟಿಯನ್ನು ಕಂಪನಿಯವರಿಗೆ ಕೊಟ್ಟು ಅದರಂತೆ ನಡೆಯುತ್ತದಾ ಎಂದು ನೋಡುವುದು. ಮುಖ್ಯ ಗ್ರಂಥಪಾಲಕರು ಇನ್ನೊಂದು ಮಾತು ಒಪ್ಪಿದರು: ತಿದ್ದುವ ಕೆಲಸಕ್ಕೆ ಹಿಡಿಯುವ ಗಂಟೆಗಳನ್ನು ತಿಂಗಳ ವರದಿಯಲ್ಲಿ ಕೆಲಸ ಎಂದೇ ತೋರಿಸುವುದು. ಇದು ಸಣ್ಣ ಮಾತಲ್ಲ. ಅಕ್ಕ ಮೂವತ್ತು ವರ್ಷದಿಂದ ಕೇಳುತ್ತಿದ್ದದ್ದು ಅದನ್ನೇ.

ದೀಪಾವಳಿಯ ಹೊತ್ತಿಗೆ

ಬಳಕೆ ಜಾಸ್ತಿಯಾಯಿತು. ನಾನು ನಿರೀಕ್ಷಿಸದ ಜಾಗದಲ್ಲಿ ಜಾಸ್ತಿಯಾಯಿತು. ಅಲ್ಲಿ ಹಳೆಯ ಕನ್ನಡ ಪತ್ರಿಕೆಗಳ ಒಂದು ಕಪಾಟು ಇದೆ. ನಮ್ಮ ಮಳೆಗೆ ಬೂಸ್ಟು ಹಿಡಿದು ಅಂಚು ಉದುರುತ್ತಿರುವ ಸಂಚಿಕೆಗಳು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ ಊರಿನಲ್ಲಿ ಇಂಥ ಕಪಾಟುಗಳು ಇನ್ನೂ ಎಷ್ಟೋ ಇರಬೇಕು. ಅವನ್ನು ಸ್ಕ್ಯಾನ್ ಮಾಡಿ, ಎಐ ಆಧಾರಿತ ಓಸಿಆರ್‌ನಲ್ಲಿ ಅಕ್ಷರ ಎತ್ತಿಸಿ, ಅಕ್ಕ ತಿದ್ದಲು ಶುರು ಮಾಡಿದರು. ಹಳೇ ಮೊಳೆಯಚ್ಚಿನ ಒತ್ತಕ್ಷರ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಪ ಮತ್ತು ವ ಅದಲು ಬದಲಾಗುತ್ತವೆ. ಆದರೂ ಮೊದಲಿನಿಂದ ಟೈಪ್ ಮಾಡುವುದಕ್ಕಿಂತ ಎಷ್ಟೋ ವಾಸಿ. "ಇದು ನನಗೆ ಬೇಕಾದ ಕೆಲಸ" ಎಂದು ಅಕ್ಕ ಹೇಳಿದಾಗ ಅವರ ಮುಖದಲ್ಲಿದ್ದ ಖುಷಿ ನನಗೆ ಈಗಲೂ ನೆನಪಿದೆ. ಯಾವ ತರಬೇತಿಯೂ ಆ ಖುಷಿ ತಂದಿರಲಿಲ್ಲ.

ಎಲ್ಲವೂ ಸರಿಯಾಯಿತು ಎಂದಲ್ಲ. ವಿದ್ಯಾರ್ಥಿಗಳ ಪ್ರಶ್ನೆಗಳು ಎಲ್ಲಿ ಉಳಿಯುತ್ತವೆ ಎಂಬುದಕ್ಕೆ ಕಂಪನಿಯಿಂದ ಇನ್ನೂ ಲಿಖಿತ ಉತ್ತರ ಬಂದಿಲ್ಲ. ಹತ್ತು ಉಲ್ಲೇಖ ನೋಡುವ ಪದ್ಧತಿಯಿಂದ ವರದಿ ಎರಡು ದಿನ ತಡವಾಗುತ್ತದೆ ಎಂದು ಕೆಲವು ಗೈಡ್‌ಗಳು ದೂರಿದ್ದಾರೆ. ಮೇಡಂ ಬಗ್ಗಿಲ್ಲ.

ಅಕ್ಕನ ಪದಪಟ್ಟಿ ನೂರು ದಾಟಿದೆ. ಭೂತ, ದೈವ, ನೇಮ, ಪಾಡ್ದನ, ಅಳಿಯಕಟ್ಟು, ತೆಂಕುತಿಟ್ಟು, ಬಡಗುತಿಟ್ಟು. ಪ್ರತಿಯೊಂದರ ಎದುರು ಎರಡು ಸಾಲಿನ ವಿವರ, ಕೊನೆಯಲ್ಲಿ ಇನಿಶಿಯಲ್. ನಾನು ಕೊನೆಯ ಸಲ ನೋಡಿದಾಗ ಅದರಲ್ಲಿ ಓಬೇಲೆ, ಕಬಿತ ಎಂಬ ನಾಟಿ ಹಾಡಿನ ಪದಗಳು ಸೇರಿದ್ದವು. ಅವನ್ನು ಬರೆದದ್ದು ಕೌಂಟರಿನ ಹುಡುಗ. ಅವನ ಅಜ್ಜಿ ಗದ್ದೆಯಲ್ಲಿ ಅವನ್ನು ಹಾಡಿದವರು. ಕೆಳಗೆ ಅವನದ್ದೇ ಇನಿಶಿಯಲ್ ಇತ್ತು.

ಆಡಳಿತಕ್ಕೆ ಕೊಟ್ಟ ವರದಿಯಲ್ಲಿ ಸಾಫ್ಟ್‌ವೇರಿನ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ. ಮೊದಲ ಪುಟದಲ್ಲಿ ಇರುವುದು ಒಂದೇ ಶಿಫಾರಸು: ಆ ಹುಡುಗನ ಹುದ್ದೆಯನ್ನು ಕಾಯಂ ಮಾಡಿ, ಅಕ್ಕ ನಿವೃತ್ತಿಯಾಗುವ ಮೊದಲು ಅವರ ಪಕ್ಕದಲ್ಲಿ ಎರಡು ವರ್ಷ ಕೂರಿಸಿ. ಅವನ ಗುತ್ತಿಗೆ ಮೇ ತಿಂಗಳಿಗೆ ಮುಗಿಯುತ್ತದೆ. ಉತ್ತರಕ್ಕೆ ಕಾಯುತ್ತಿದ್ದೇನೆ.